ಡೈಪರ್‌ನಿಂದ ಮಗುವಿನ ಚರ್ಮಕ್ಕೆ ಗಾಯವಾದ್ರೆ: ಚಿಕಿತ್ಸೆ ಹೇಗೆ, ಅಂಗಡಿಯವರನ್ನ ಕೇಳೋದು ಹೇಗೆ, ದೂರು ಎಲ್ಲಿ?

ಮೈಸೂರು: "ಡೈಪರ್ ಹಾಕಿದ್ಮೇಲೆ ಸ್ವಲ್ಪ ಕೆಂಪಾಗೋದು ಇದ್ದಿದ್ದೇ ಮೇಡಂ, ಎಲ್ಲಾ ಮಕ್ಳಿಗೂ ಆಗುತ್ತೆ." ಮಗುವಿನ ತೊಡೆ ಸಂದಿ ಸುಲಿದು ಹೋಗಿದೆ ಅಂತ ಪ್ಯಾಕೆಟ್ ಹಿಡ್ಕೊಂಡು ಅಂಗಡಿಗೆ ಹೋದ ಅಪ್ಪ-ಅಮ್ಮಂದಿರಿಗೆ ಸಿಗೋ ಮೊದಲ ಉತ್ತರ ಸಾಮಾನ್ಯವಾಗಿ ಇದೇ. ಎಷ್ಟೋ ಸಲ ಅಂಗಡಿಯವರು ಹೇಳೋದ್ರಲ್ಲಿ ಸತ್ಯವೂ ಇರುತ್ತೆ. ಆದರೆ ಪ್ರತಿ ಸಲವೂ ಅಲ್ಲ. ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಜಗಳಕ್ಕೆ ನಿಂತರೆ ದೂರು ಬಿದ್ದು ಹೋಗುತ್ತೆ. ಸುಮ್ಮನಾದರೆ ಅದೇ ಪ್ಯಾಕೆಟ್ ಇನ್ನೊಂದು ಮಗುವಿನ ಮನೆಗೆ ಹೋಗುತ್ತೆ.

ಒಂದು ಮಾತು ಮೊದಲೇ. ನಮ್ಮೂರಲ್ಲಿ ಯಾವ ಕಂಪನಿಯ ಡೈಪರ್ ಆದ್ರೂ ಬಾಯಲ್ಲಿ ಬರೋ ಹೆಸರು "ಪ್ಯಾಂಪರ್ಸ್". ಬೀದಿ ಕೊನೆಯ ಅಂಗಡಿಯಲ್ಲಿ "ಒಂದು ಪ್ಯಾಂಪರ್ಸ್ ಕೊಡಿ" ಅಂದ್ರೆ ಬೇರೆ ಯಾವುದೋ ಬ್ರ್ಯಾಂಡ್ ಕೈಗೆ ಬರುತ್ತೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ದೂರು ಬರೆಯುವಾಗ ಮಾತ್ರ ಈ ಅಭ್ಯಾಸ ಬಿಡಬೇಕು. ಪ್ಯಾಕೆಟ್ ಮೇಲೆ ಅಚ್ಚಾಗಿರೋ ಹೆಸರನ್ನೇ ಬರೆಯಿರಿ. ಇಲ್ಲದಿದ್ದರೆ ಸಂಬಂಧವೇ ಇಲ್ಲದ ಕಂಪನಿ ಮೇಲೆ ಆರೋಪ ಹೊರಿಸಿದ ಹಾಗಾಗುತ್ತೆ, ದೂರು ಅಲ್ಲೇ ಮುಗಿದು ಹೋಗುತ್ತೆ.

ಗಾಯ ಯಾವುದರಿಂದ ಆಯ್ತು?

ಡೈಪರ್ ಜಾಗದ ಉರಿಗೆ ಬಹುಪಾಲು ಕಾರಣ ಡೈಪರ್‌ನ ವಸ್ತುವಲ್ಲ, ಅದರೊಳಗೆ ನಿಂತ ಒದ್ದೆ. ಮೂತ್ರದಲ್ಲಿರೋ ಯೂರಿಯಾವನ್ನು ಮಲದಲ್ಲಿರೋ ಬ್ಯಾಕ್ಟೀರಿಯಾಗಳ ಕಿಣ್ವ ಒಡೆದಾಗ ಅಮೋನಿಯಾ ಹುಟ್ಟುತ್ತೆ. ಬೆಳಗ್ಗೆ ಡೈಪರ್ ಬಿಚ್ಚಿದಾಗ ಮೂಗಿಗೆ ಹೊಡೆಯೋ ವಾಸನೆ ಅದೇ. ಇದರಿಂದ ಚರ್ಮದ ಸಹಜ ಆಮ್ಲೀಯತೆ ಕಡಿಮೆಯಾಗುತ್ತೆ, ಮಲದಲ್ಲಿರೋ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೊರೆಯತೊಡಗುತ್ತವೆ. ಜೊತೆಗೆ ಉಜ್ಜಾಟ, ಬಿಸಿ. ಭೇದಿ ಇರೋ ಮಗುವಿಗೆ ಒಂದೇ ರಾತ್ರಿಯಲ್ಲಿ ಚರ್ಮ ಕಿತ್ತು ಬರೋದು ಇದಕ್ಕೇ. ಬಟ್ಟೆ ಲಂಗೋಟಿ ಕಟ್ಟಿದ ಮಕ್ಕಳಿಗೂ ಇದು ಆಗುತ್ತೆ.

ಆದರೆ ಕಲೆ ಎಲ್ಲಿದೆ ಅನ್ನೋದು ಬಹಳಷ್ಟು ಹೇಳುತ್ತೆ. ಒದ್ದೆಯ ಉರಿ ಸಾಮಾನ್ಯವಾಗಿ ಡೈಪರ್ ತಾಗುವ ಉಬ್ಬು ಭಾಗಗಳಲ್ಲಿ, ಅಂದ್ರೆ ಪೃಷ್ಠ, ತೊಡೆಯ ಒಳಭಾಗದಲ್ಲಿ ಕಾಣುತ್ತೆ. ಮಡಿಕೆಗಳ ಆಳ ಚೆನ್ನಾಗೇ ಇರುತ್ತೆ. ಮಡಿಕೆಯೊಳಗೇ ಕಡುಕೆಂಪಾಗಿ, ಸುತ್ತಲೂ ಚುಕ್ಕಿ ಚುಕ್ಕಿ ಗುಳ್ಳೆ ಬಂದಿದ್ದರೆ ಅದು ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಇರಬಹುದು. ಅದಕ್ಕೆ ಬೇರೆ ಔಷಧ ಬೇಕು. ಸೊಂಟದ ಪಕ್ಕ, ಪೃಷ್ಠದ ಹೊರ ಅಂಚಿನಲ್ಲಿ, ಎಲಾಸ್ಟಿಕ್ ಅಥವಾ ಟೇಪ್ ಕೂರೋ ಜಾಗದಲ್ಲಿ ಮಾತ್ರ ಗುರುತು ಬಂದಿದ್ದರೆ ವಸ್ತುವಿನ ಮೇಲೇ ಅನುಮಾನ ಪಡಬೇಕು. ಈ ಮಾದರಿಗೆ ಚರ್ಮವೈದ್ಯರ ನಡುವೆ ಒಂದು ತಮಾಷೆಯ ಹೆಸರಿದೆ: "ಲಕ್ಕಿ ಲ್ಯೂಕ್". ಆ ಕಾಮಿಕ್ ಕೌಬಾಯ್ ಸೊಂಟದಲ್ಲಿ ಪಿಸ್ತೂಲಿನ ಚೀಲ ನೇತು ಹಾಕೋ ಜಾಗದಲ್ಲೇ ಈ ಅಲರ್ಜಿ ಬರುತ್ತೆ. ಎಲಾಸ್ಟಿಕ್‌ನ ರಬ್ಬರ್ ರಾಸಾಯನಿಕಗಳು, ಅಂಟು ಇದಕ್ಕೆ ಕಾರಣ. ಬಣ್ಣದ ಪಟ್ಟಿ, ಚಿತ್ರ ಇರೋ ಡೈಪರ್‌ಗಳಲ್ಲಿ ಡೈಗೆ ಅಲರ್ಜಿಯಾದದ್ದೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ.

ತಪ್ಪು ಡೈಪರ್‌ದಲ್ಲ, ವೈಪ್ಸ್‌ದು ಅನ್ನೋ ಸಂದರ್ಭವೂ ಉಂಟು. ಒದ್ದೆ ವೈಪ್ಸ್ ಕೆಡದಂತೆ ಹಾಕೋ ಸಂರಕ್ಷಕಗಳಲ್ಲಿ ಕೆಲವು ಅಲರ್ಜಿ ತರೋದಕ್ಕೆ ಹೆಸರಾದವು. ಒಂದು ವಾರ ವೈಪ್ಸ್ ನಿಲ್ಲಿಸಿ ಹತ್ತಿ, ನೀರು ಬಳಸಿ ನೋಡಿ. ಅಂಗಡಿಗೆ ಹೋಗೋ ಮುಂಚೆ ಇದನ್ನ ಮಾಡೋದು ಒಳ್ಳೇದು.

ಅಮೆರಿಕದ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತೆ. 2010ರಲ್ಲಿ ಪ್ಯಾಂಪರ್ಸ್‌ನ "ಡ್ರೈ ಮ್ಯಾಕ್ಸ್" ಡೈಪರ್ ಬಂದಾಗ ಮಕ್ಕಳಿಗೆ ಸುಟ್ಟಂಥ ಗಾಯ ಆಗ್ತಿದೆ ಅಂತ ಪೋಷಕರು ದೊಡ್ಡ ಗಲಾಟೆ ಎಬ್ಬಿಸಿದ್ರು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕೆನಡಾದ ಆರೋಗ್ಯ ಇಲಾಖೆ ಜೊತೆ ಸೇರಿ ಸುಮಾರು 4,700 ದೂರುಗಳನ್ನ ಪರಿಶೀಲಿಸಿತು. ಡೈಪರ್‌ಗೂ ಗಾಯಕ್ಕೂ ನಿರ್ದಿಷ್ಟ ಸಂಬಂಧ ಸಿಗಲಿಲ್ಲ ಅಂತ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೇಳಿತು. ಸಾವಿರಾರು ದೂರು ಇದ್ದರೂ ಕಾರಣ ಸಾಬೀತು ಮಾಡೋದು ಎಷ್ಟು ಕಷ್ಟ ನೋಡಿ. ಒಂದೇ ಮಗುವಿನ ದೂರಿಗೆ ವೈದ್ಯರ ಚೀಟಿಯೇ ಆಧಾರ.

ಮನೆಯಲ್ಲಿ, ಆಸ್ಪತ್ರೆಯಲ್ಲಿ

ಡೈಪರ್ ತೆಗೆದು ಗಾಳಿಗೆ ಬಿಡಿ. ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಜಿಂಕ್ ಆಕ್ಸೈಡ್ ಇರೋ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ. ಮಲ ಆದ ತಕ್ಷಣ ಡೈಪರ್ ಬದಲಿಸಿ. ಪೌಡರ್ ಬೇಡ, ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತೆ. ಸುಲಿದ ಚರ್ಮಕ್ಕೆ ಅರಿಶಿನ, ನಿಂಬೆ, ಸುಣ್ಣ ಯಾವುದನ್ನೂ ಹಾಕಬೇಡಿ. ಅಜ್ಜಿಯಂದಿರು ಬೇಜಾರು ಮಾಡ್ಕೊಬಾರದು. ಬಟ್ಟೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದ ಅವರ ಪದ್ಧತಿ ಸರಿಯಾಗೇ ಇತ್ತು.

ನಿಜವಾದ ಅಪಾಯ ಇನ್ನೊಂದಿದೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗೋ ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧ ಮೂರೂ ಬೆರೆಸಿದ ಟ್ಯೂಬ್. ಎರಡು ದಿನಕ್ಕೆ ಕೆಂಪು ಮಾಯ, ಹಾಗಾಗಿ ಎಲ್ಲರಿಗೂ ಇಷ್ಟ. ಡೈಪರ್ ಮುಚ್ಚಿದ ಜಾಗದಲ್ಲಿ ಸ್ಟೀರಾಯ್ಡ್ ಮೈಗೆ ಹೆಚ್ಚಾಗಿ ಇಳಿಯುತ್ತೆ. ಕ್ಲೊಬೆಟಾಸಾಲ್‌ನಂಥ ಪ್ರಬಲ ಔಷಧವನ್ನು ವಾರಗಟ್ಟಲೆ ಹಚ್ಚಿದ ಮಕ್ಕಳಲ್ಲಿ ಚರ್ಮ ತೆಳುವಾಗಿ, ಹಾರ್ಮೋನ್ ಏರುಪೇರಾಗಿ ಮುಖ ಊದಿಕೊಂಡ ಪ್ರಕರಣಗಳಿವೆ. ದೂರಿನ ದೃಷ್ಟಿಯಿಂದಲೂ ಇದು ಕೆಟ್ಟದ್ದು: ಗಾಯದ ಮೂಲ ರೂಪವೇ ಬದಲಾಗಿ, ವೈದ್ಯರಿಗೆ ಕಾರಣ ಹೇಳೋಕೆ ಆಗಲ್ಲ.

ಎರಡು ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ವೈದ್ಯರಿಗೆ ತೋರಿಸಿ. ಜ್ವರ, ಕೀವು, ರಕ್ತ, ನೀರುಗುಳ್ಳೆ, ಸುಟ್ಟ ಹಾಗೆ ಸಿಪ್ಪೆ ಏಳೋದು ಕಂಡರೆ, ಅಥವಾ ಹಸುಗೂಸಾಗಿದ್ದರೆ ಅದೇ ದಿನ ಹೋಗಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ, ಚರ್ಮರೋಗಕ್ಕೆ ಕೆ.ಆರ್. ಆಸ್ಪತ್ರೆ ಇವೆ. ಹೊರರೋಗಿ ಚೀಟಿ ಎಸೆಯಬೇಡಿ. ಗಾಯ ಯಾವ ಜಾಗದಲ್ಲಿದೆ, ಯಾವ ಆಕಾರದಲ್ಲಿದೆ, ಯಾವ ಉತ್ಪನ್ನ ಬಳಸಿದ್ರು ಅನ್ನೋದನ್ನ ಚೀಟಿಯಲ್ಲಿ ಬರೆಯೋಕೆ ವೈದ್ಯರನ್ನ ಕೇಳಿ. "ಡೈಪರ್ ರ‍್ಯಾಶ್" ಅಂತ ಎರಡೇ ಪದ ಇದ್ದರೆ ಅದು ಕಂಪನಿಗೇ ಅನುಕೂಲ.

ಅಂಗಡಿಗೆ ಹೋಗೋ ಮುಂಚೆ

ಖಾಲಿ ಪ್ಯಾಕೆಟ್ ಕಸದ ಗಾಡಿಗೆ ಹಾಕಿಬಿಟ್ಟರೆ ಅರ್ಧ ಕೇಸ್ ಹೋದ ಹಾಗೆ. ಬ್ಯಾಚ್ ನಂಬರ್, ತಯಾರಾದ ತಿಂಗಳು, ತಯಾರಕರ ವಿಳಾಸ, ಗ್ರಾಹಕ ಸೇವೆ ಸಂಖ್ಯೆ ಎಲ್ಲಾ ಇರೋದು ಅದರ ಮೇಲೇ. ಅದೇ ಪ್ಯಾಕೆಟ್‌ನ ಬಳಸದ ನಾಲ್ಕೈದು ಡೈಪರ್‌ಗಳನ್ನ ಹಾಗೇ ಮುಚ್ಚಿಡಿ. ಟೇಪಿನ ಅಂಚು ಚೂಪಾಗಿ ಕೊಯ್ದಿದ್ದರೆ, ಜೆಲ್ ಹೊರಗೆ ಬಂದಿದ್ದರೆ, ಒಳಗೆ ಬೇರೆ ವಸ್ತು ಸಿಕ್ಕಿದ್ದರೆ ಆ ಡೈಪರ್ ಕೂಡ ಬೇಕು. ಬಿಲ್ ಇಲ್ಲದಿದ್ದರೆ ಯುಪಿಐ ಸಂದೇಶ ಉಪಯೋಗಕ್ಕೆ ಬರುತ್ತೆ. ಮೊದಲ ದಿನದಿಂದಲೇ ದಿನಾಂಕ ಸಮೇತ ಫೋಟೋ ತೆಗೆದಿಡಿ. ಆದರೆ ಆ ಫೋಟೋ ವೈದ್ಯರಿಗೆ, ದೂರಿನ ಕಡತಕ್ಕೆ ಮಾತ್ರ. ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿಗೆ, ಫೇಸ್‌ಬುಕ್‌ಗೆ ಹಾಕಬೇಡಿ. ಎಚ್ಚರಿಕೆ ಕೊಡ್ಬೇಕು ಅಂದ್ರೆ ಪ್ಯಾಕೆಟ್ ಫೋಟೋ ಸಾಕು, ಮಗುವಿನದು ಬೇಡ.

ಲೂಸ್ ಡೈಪರ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಹೆಸರು, ವಿಳಾಸ ಇಲ್ಲದ ಪ್ಲಾಸ್ಟಿಕ್ ಕವರ್‌ನಲ್ಲಿ ಐವತ್ತು ನೂರು ತುಂಬಿ, ಕಾರ್ಖಾನೆಯ ಸೆಕೆಂಡ್ಸ್ ಅಂತ ಅಗ್ಗಕ್ಕೆ ಮಾರೋದುಂಟು. ದುಡ್ಡು ಉಳಿಯುತ್ತೆ ನಿಜ. ಗಾಯವಾದ್ರೆ ಯಾರನ್ನ ಕೇಳ್ತೀರಿ? ಕಾನೂನು ಇಲ್ಲಿ ನಿಮ್ಮ ಕಡೆ ಇದೆ: ತಯಾರಕ ಯಾರು ಅಂತ ಗೊತ್ತಾಗದ ವಸ್ತುವಿನಿಂದ ಹಾನಿಯಾದ್ರೆ ಮಾರಿದವನೇ ಹೊಣೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 86ನೇ ಕಲಂ ಹೇಳೋದು ಇದನ್ನೇ. ಹಾಗಂತ ಬಿಲ್ಲೇ ಕೊಡದ ಅಂಗಡಿ ವಿರುದ್ಧ ಸಾಬೀತು ಮಾಡೋದು ಸುಲಭ ಅಂತ ನಾವು ಹೇಳಲ್ಲ. ಅಂದಹಾಗೆ ಡೈಪರ್‌ಗೆ ಭಾರತೀಯ ಮಾನಕ ಬ್ಯೂರೊದ ಮಾನದಂಡ ಇದೆ, ಐಎಸ್ 17509. ಪ್ಯಾಕೆಟ್ ಮೇಲೆ ಐಎಸ್‌ಐ ಗುರುತು ಇದ್ದರೆ ಅದರ ಪರವಾನಗಿ ಸಂಖ್ಯೆಯನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

"ಒಮ್ಮೆ ಮಾರಿದ ವಸ್ತು ವಾಪಸ್ ಇಲ್ಲ" ಅನ್ನೋ ಬೋರ್ಡಿಗೆ ಹೆದರಬೇಡಿ. ದೋಷವಿರೋ ವಸ್ತುವನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸೋದು ಇದೇ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಗಮನಿಸಿ, ಇದು ದೋಷ ಇರೋ ವಸ್ತುವಿಗೆ. ಸೈಜ್ ಚಿಕ್ಕದಾಯ್ತು, ಮಗುವಿಗೆ ಒಗ್ಗಲಿಲ್ಲ ಅನ್ನೋದು ದೋಷವಲ್ಲ. ಅಲ್ಲಿ ಅಂಗಡಿಯವರ ಸೌಜನ್ಯವಷ್ಟೇ.

ಬಾಯಿ ಮಾತಲ್ಲಿ ಮುಗಿಸಬೇಡಿ. ಅಂಗಡಿಗೂ ಕಂಪನಿಯ ಗ್ರಾಹಕ ಸೇವೆಗೂ ಒಂದೇ ದಿನ ಇಮೇಲ್ ಅಥವಾ ನೋಂದಾಯಿತ ಅಂಚೆ ಕಳಿಸಿ: ಕೊಂಡ ದಿನ, ಬ್ಯಾಚ್ ನಂಬರ್, ಏನಾಯ್ತು, ವೈದ್ಯರು ಏನಂದ್ರು, ನಿಮಗೆ ಏನು ಬೇಕು. ಕಂಪನಿಯವರು ಬಂದು "ಟೆಸ್ಟ್ ಮಾಡಿಸ್ತೀವಿ" ಅಂತ ಮಿಕ್ಕಿದ್ದೆಲ್ಲ ಕೇಳ್ತಾರೆ. ಎಲ್ಲವನ್ನೂ ಕೊಡಬೇಡಿ. ಒಂದೆರಡು ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲೋ ಹತ್ತು ನಿಮಿಷದ ಡೆಲಿವರಿ ಆ್ಯಪ್‌ನಲ್ಲೋ ಕೊಂಡಿದ್ದರೆ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದು 2020ರ ಇ-ಕಾಮರ್ಸ್ ನಿಯಮ.

ಉತ್ತರ ಬರದಿದ್ದರೆ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡಲ್ಲ, ಕಂಪನಿಗೆ ದೂರು ತಲುಪಿಸಿ ರಾಜಿ ಮಾಡಿಸ್ತಾರೆ. ಪ್ಯಾಕೆಟ್ ದುಡ್ಡು, ಔಷಧಿ ಖರ್ಚಿನಂಥ ಸಣ್ಣ ಮೊತ್ತಕ್ಕೆ ಇದು ಎಷ್ಟೋ ಸಲ ಸಾಕಾಗುತ್ತೆ.

ಅಲ್ಲೂ ಆಗದಿದ್ದರೆ ಮೈಸೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಆಯೋಗದ ಆದೇಶಗಳಲ್ಲಿ ಕಂಡುಬಂದ ವಿಳಾಸ ಕುವೆಂಪುನಗರದ ಅನಿಕೇತನ ರಸ್ತೆಯದು; ಹೋಗುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಮಗುವಿನ ಪರವಾಗಿ ತಂದೆ-ತಾಯಿ ಅಥವಾ ಪೋಷಕರು ದೂರುದಾರರಾಗಬಹುದು ಅಂತ ಕಾಯ್ದೆಯಲ್ಲೇ ಇದೆ. ಕಂಪನಿ ಮುಂಬೈಯಲ್ಲಿದ್ದರೂ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಗಾಯಕ್ಕೂ, ಅದರಿಂದಾದ ಮಾನಸಿಕ ಯಾತನೆಗೂ ಪರಿಹಾರ ಕೇಳಬಹುದು.

ದೋಷ ಕಣ್ಣಿಗೆ ಕಾಣದ್ದಾದರೆ ಆಯೋಗ ಮಾದರಿಯನ್ನ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತೆ. ಪರೀಕ್ಷೆ ಶುಲ್ಕವನ್ನ ದೂರುದಾರರು ಮೊದಲು ಕಟ್ಟಬೇಕಾಗಬಹುದು. ಲೆಕ್ಕಾಚಾರ ಮಾಡುವಾಗ ಇದು ನೆನಪಿರಲಿ. ನಮ್ಮೂರಲ್ಲೇ ಸಿಎಫ್‌ಟಿಆರ್‌ಐ ಇದೆಯಲ್ಲ ಅಂತ ಕೆಲವರು ಅಂದುಕೊಳ್ತಾರೆ, ಆದರೆ ಅದು ಆಹಾರದ ಸಂಸ್ಥೆ. ಮುಚ್ಚಿಟ್ಟ ಆ ನಾಲ್ಕೈದು ಡೈಪರ್ ಕೆಲಸಕ್ಕೆ ಬರೋದು ಈ ಹಂತದಲ್ಲಿ. ಪರೀಕ್ಷೆ ಬೇಕಿಲ್ಲದ ದೂರನ್ನ 3 ತಿಂಗಳು, ಬೇಕಾದದ್ದನ್ನ 5 ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿದರೆ ಆಶ್ಚರ್ಯ ಬೇಡ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ಕಾಗದಪತ್ರ ಬರೆಯೋದು ಹೇಗೆ ಅಂತ ಗೊತ್ತಾಗದವರಿಗೆ ಮೈಸೂರು ಗ್ರಾಹಕರ ಪರಿಷತ್ತಿನಂಥ ಹಳೆಯ ಸ್ವಯಂಸೇವಾ ಸಂಘಟನೆ ಊರಲ್ಲಿದೆ. ಹೋಗುವಾಗ ಬಿಲ್, ವೈದ್ಯರ ಚೀಟಿ, ಪ್ಯಾಕೆಟ್ ಮೂರನ್ನೂ ಒಯ್ಯಿರಿ.