ಕಂಡವನು ಮತ್ತು ತೀರ್ಮಾನಿಸಿದವನು: ಮದರಾಸಿನ ಕಾರ್ಖಾನೆಗಳಲ್ಲಿ ವ್ಯರ್ಥಶ್ರಮದ ಚರಿತ್ರೆ

ಕಾರ್ಖಾನೆಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಬಂಡವಾಳ, ಯಂತ್ರ, ಉತ್ಪನ್ನಗಳ ಲೆಕ್ಕದಲ್ಲಿಯೇ ನಿಲ್ಲುತ್ತಾರೆ. ಕೆಲಸದಲ್ಲಿ ಒದಗಿದ ದೋಷವನ್ನು ಮೊದಲು ಕಂಡವನಾರು, ಅದನ್ನು ತಿದ್ದಲು ತೀರ್ಮಾನಿಸಿದವನಾರು, ಇವೆರಡರ ನಡುವೆ ಸಂದ ಕಾಲದಲ್ಲಿ ವ್ಯರ್ಥವಾದ ದುಡಿಮೆ ಎಷ್ಟು ಎಂದು ಕೇಳಿದವರು ವಿರಳ. ಕಾರ್ಖಾನೆಯ ಪ್ರತಿಯೊಂದು ಚಲನೆಯೂ ಗಣಕಯಂತ್ರದ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತಿರುವ ಇಂದು ಈ ಪ್ರಶ್ನೆಗೆ ಹೊಸ ಮಹತ್ತ್ವ ಬಂದಿದೆ. ಒಂದೂವರೆ ಶತಮಾನದ ಕೈಗಾರಿಕಾ ಜೀವನವುಳ್ಳ ಚೆನ್ನೈ ನಗರದಲ್ಲಿ ಇದಕ್ಕೆ ನಿದರ್ಶನಗಳು ಹೇರಳವಾಗಿವೆ.

ಪೆರಂಬೂರಿನ ಬಕಿಂಗ್‌ಹ್ಯಾಮ್ ಗಿರಣಿ 1876ರಲ್ಲಿಯೂ ಕರ್ನಾಟಿಕ್ ಗಿರಣಿ 1881ರಲ್ಲಿಯೂ ಸ್ಥಾಪಿತವಾಗಿ, 1920ರಲ್ಲಿ ಒಂದುಗೂಡಿದವು. ಇವುಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿಯ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಬೆಂಗಳೂರಿನವರು ಇಂದಿಗೂ 'ಬಿನ್ನಿ ಮಿಲ್ಲು' ಎಂದು ನೆನೆಯುವ ಗಿರಣಿಯ ಆಡಳಿತವೂ ಅದೇ ಕಂಪನಿಗೆ ಸೇರಿತ್ತು. ಅಂದಿನ ಗಿರಣಿಯಲ್ಲಿ ನೂಲು ಕಡಿದುದನ್ನು ಕಾಣುವವನು ಮಗ್ಗದ ಮುಂದೆ ನಿಂತ ಆಳು; ಅವನ ಮಾತು ಮೇಸ್ತ್ರಿಯನ್ನು ದಾಟಿ ಮೇಲೇರುವುದು ದುಸ್ತರವಾಗಿತ್ತು. ಊಟದ ಬಿಡುವು ಸಾಲದೆಂಬಷ್ಟು ಸರಳವಾದ ಸಂಗತಿಯನ್ನು ಕೂಡ, 1918ರಲ್ಲಿ ಬಿ. ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಮದರಾಸು ಕಾರ್ಮಿಕ ಸಂಘವು ಎತ್ತಿ ಹೇಳಬೇಕಾಯಿತು.

ಅದೇ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ರೈಲುಗಾಡಿಗಳನ್ನು ತಯಾರಿಸುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಉದ್ಘಾಟನೆಯಾಯಿತು. ಮುಂದಿನ ದಶಕದಲ್ಲಿ ರೈಲ್ವೆ ಇಲಾಖೆಯು ಐ.ಬಿ.ಎಂ. 1401 ಗಣಕಯಂತ್ರಗಳನ್ನು ಬಳಕೆಗೆ ತಂದಿತು. ಸಂಬಳದ ಪಟ್ಟಿ, ಉಗ್ರಾಣದ ದಾಸ್ತಾನು ಮುಂತಾದುವು ರಂಧ್ರ ಕೊರೆದ ಕಾರ್ಡುಗಳಾಗಿ ಯಂತ್ರವನ್ನು ಹೊಕ್ಕವು. ಲೆಕ್ಕದ ವೇಗ ಹೆಚ್ಚಿದುದು ನಿಜ. ಆದರೆ ಕಾರ್ಡು ಆಗಿಹೋದುದನ್ನು ಹೇಳಬಲ್ಲುದೇ ಹೊರತು ಆಗುತ್ತಿರುವುದನ್ನು ತಡೆಯಲಾರದು. ರಂಗರಾಜನ್ ಸಮಿತಿಯ 1984ರ ವರದಿಯ ತರುವಾಯ ಬ್ಯಾಂಕುಗಳಿಗೆ ಗಣಕಯಂತ್ರ ಬಂದಾಗಲೂ, ಒಂದೇ ಲೆಡ್ಜರನ್ನು ಕೆಲಕಾಲ ಕೈಯಿಂದಲೂ ಯಂತ್ರದಿಂದಲೂ ಬರೆದು ಎರಡನ್ನೂ ತಾಳೆ ನೋಡಬೇಕಾಗಿತ್ತು. ಶ್ರಮವನ್ನು ಉಳಿಸಬಂದುದು ಮೊದಲು ಅದನ್ನು ಇಮ್ಮಡಿಸಿತೆಂದು ಆ ಕಾಲದ ಗುಮಾಸ್ತರು ಹೇಳಿದರೆ ಅದರಲ್ಲಿ ಅತಿಶಯೋಕ್ತಿಯಿಲ್ಲ.

ಬೇರೊಂದು ದಾರಿಯನ್ನು ತೋರಿಸಿದುದು ಜಪಾನು. ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ನೂಲು ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಇದೇ ತತ್ತ್ವವು ಮುಂದೆ ಟೊಯೊಟಾ ಮೋಟಾರು ಕಾರ್ಖಾನೆಯಲ್ಲಿ ಒಂದು ಹಗ್ಗದ ರೂಪವನ್ನು ತಾಳಿತು. ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನೂ ಅದನ್ನೆಳೆದು ಜೋಡಣೆಯ ಸಾಲನ್ನೇ ನಿಲ್ಲಿಸಬಹುದಾಗಿತ್ತು. ಅಲ್ಲಿನ ತಾಇಚಿ ಓನೊ ಅವರು ವ್ಯರ್ಥವನ್ನು ಏಳು ಬಗೆಯಾಗಿ ವಿಂಗಡಿಸಿದರು. ಸುಮ್ಮನೆ ಕಾಯುವುದು, ಬೇಡದ ಸಾಗಾಟ, ಮಿತಿಮೀರಿದ ದಾಸ್ತಾನು, ಕೆಟ್ಟ ಮಾಲು ಇವೆಲ್ಲ ಅದರಲ್ಲಿವೆ. ಆದರೆ ಎಲ್ಲಕ್ಕೂ ಮೂಲವೆಂದು ಅವರು ಎಣಿಸಿದುದು ಬೇಡಿಕೆಗೆ ಮೀರಿದ ತಯಾರಿಕೆಯನ್ನು. ಈ ವಿಚಾರಧಾರೆ ಚೆನ್ನೈಗೆ ಬಂದುದು ಪಾಡಿಯ ಮೂಲಕ. 1962ರಲ್ಲಿ ಸ್ಥಾಪಿತವಾಗಿ ವಾಹನಗಳ ಬ್ರೇಕುಗಳನ್ನು ತಯಾರಿಸುತ್ತಿದ್ದ ಸುಂದರಂ-ಕ್ಲೇಟನ್ ಕಂಪನಿಯು 1998ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿಯನ್ನು ಗಳಿಸಿದ ಮೊದಲ ಭಾರತೀಯ ಸಂಸ್ಥೆಯಾಯಿತು. ಹೊಸೂರು, ಮೈಸೂರುಗಳಲ್ಲಿ ಕಾರ್ಖಾನೆಗಳುಳ್ಳ ಅದೇ ಬಳಗದ ಟಿ.ವಿ.ಎಸ್. ಮೋಟಾರು ಕಂಪನಿಗೆ 2002ರಲ್ಲಿ ಈ ಮನ್ನಣೆ ಸಂದಿತು. ಗಮನಿಸಬೇಕಾದುದೇನೆಂದರೆ, ಈ ಪದ್ಧತಿಯ ಜೀವಾಳ ಯಂತ್ರವಲ್ಲ. ಗೋಡೆಗೆ ತೂಗುಹಾಕಿದ ನಕ್ಷೆ, ಕೆಲಸಗಾರರ ಸಣ್ಣ ಸಣ್ಣ ಕೂಟಗಳು, ಅವರ ಸಲಹೆಗಳಿಗೆ ದೊರೆಯುವ ಉತ್ತರ ಇವೇ ಅದರ ಸಾಧನಗಳು.

ಆ ಹೊತ್ತಿಗೆ ನಗರದ ಹೊರವಲಯದಲ್ಲಿ ಮೋಟಾರು ಕಾರ್ಖಾನೆಗಳ ಹೊಸ ಯುಗ ಆರಂಭವಾಗಿತ್ತು. ಹ್ಯುಂಡೈ 1998ರಲ್ಲಿ ಶ್ರೀಪೆರಂಬದೂರಿನ ಬಳಿಯೂ, ಫೋರ್ಡ್ 1999ರಲ್ಲಿ ಮರೈಮಲೈ ನಗರದಲ್ಲಿಯೂ, ರೆನೊ-ನಿಸ್ಸಾನ್ 2010ರಲ್ಲಿ ಒರಗಡಂನಲ್ಲಿಯೂ ತಯಾರಿಕೆಗೆ ತೊಡಗಿದವು. ಇಂತಹ ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವುದು ಯಂತ್ರಬಾಹು. ಬೋಲ್ಟು ಎಷ್ಟು ಬಿಗಿಯಾಯಿತೆಂಬುದನ್ನೂ ಉಪಕರಣವೇ ಅಳೆದು ದಾಖಲಿಸುತ್ತದೆ. ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೆ ಅಂಕಿಯನ್ನು ಓದುವವನಿಗೆ ಅದರ ಮೇಲೆ ನಡೆಯುವ ಅಧಿಕಾರವಿಲ್ಲದಿದ್ದರೆ, ಮೇಸ್ತ್ರಿಯಿದ್ದ ಜಾಗದಲ್ಲಿ ಪರದೆ ಬಂದು ಕುಳಿತಂತೆಯೇ ಸರಿ.

ಪರದೆಯ ಮೇಲೆ ಮೂಡದ ದೋಷವೂ ಒಂದುಂಟು. ಸಡಿಲವಾದ ಬೋಲ್ಟನ್ನು ಕ್ಷಣದಲ್ಲಿ ಹಿಡಿಯಬಲ್ಲ ವ್ಯವಸ್ಥೆಗೆ, ಯಾವ ಕಾರನ್ನು ಎಷ್ಟು ಸಂಖ್ಯೆಯಲ್ಲಿ ಮಾಡಬೇಕೆಂಬ ತೀರ್ಮಾನದ ತಪ್ಪು ಕಾಣುವುದಿಲ್ಲ. ಆ ತೀರ್ಮಾನ ನಡೆಯುವುದು ಸಮುದ್ರದಾಚೆಯ ಪ್ರಧಾನ ಕಚೇರಿಯಲ್ಲಿ. ಭಾರತದಲ್ಲಿ ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರುಗಳಿಗೂ ಮಿಕ್ಕ ನಷ್ಟವಾಯಿತೆಂದು ಹೇಳಿ ಫೋರ್ಡ್ ಕಂಪನಿಯು 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರುಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಮರುವರ್ಷ ಮರೈಮಲೈ ನಗರದ ಸಾಲು ನಿಂತಿತು. ರಫ್ತಿಗಾಗಿ ಕಾರ್ಖಾನೆಯನ್ನು ಮತ್ತೆ ಬಳಸುವ ಇಂಗಿತವನ್ನು ಕಂಪನಿಯು ತಮಿಳುನಾಡು ಸರ್ಕಾರಕ್ಕೆ ಬರೆದು ತಿಳಿಸಿದುದು 2024ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಆ ಸಾಲಿನಲ್ಲಿ ದುಡಿದಿದ್ದವರು ಪರಿಹಾರಧನವನ್ನು ಪಡೆದು ಬೇರೆ ಬೇರೆ ಕಡೆ ಚದರಿದ್ದರು.