ಪಡಸಾಲಿಗೆ ಹೊಸ ಸ್ಪೀಕರ್, ಕಿವಿ ಮಾತ್ರ ಹಳೇದು

ಹೂಲಿ ಮನೆಯ ಪಡಸಾಲಿಗೆ ಹೊಸ ಸ್ಪೀಕರ್ ಜೋಡಿ ತರಬೇಕು ಅಂತ ಒಂದು ತಿಂಗಳಿಂದ ಹುಡುಕ್ತಾ ಇದ್ದೀನಿ. ಆಂಪ್ಲಿಫಯರ್ ಗಟ್ಟಿಯಾಗಿದೆ, ಬದಲಾಗಬೇಕಾದ್ದು ಸ್ಪೀಕರ್ ಮಾತ್ರ. ಅಂಗಡಿಯವರದ್ದೆಲ್ಲ ಒಂದೇ ಮಾತು: "ಬೇಸ್ ಕೇಳ್ರೀ ಸರ, ಎದಿ ನಡಗತೈತಿ!" ನಡುಗಿತು, ಸುಳ್ಳಲ್ಲ. ಆದರೆ ನಮ್ಮ ಮನೇಲಿ ಕೇಳೋದು ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ, ಕುಮಾರ ಗಂಧರ್ವ. ಅವ್ವನ ಬೇಡಿಕೆಯೂ ಒಂದೇ: "ಹಾಡೋರ ಮಾತು ತಿಳೀಬೇಕಪಾ." ಇದಕ್ಕೆ ಎದೆ ಯಾಕೆ ನಡುಗಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದ್ದಕ್ಕೆ, ನಮ್ಮ ಕಡೆಯ ಜನ ಇಷ್ಟು ವರ್ಷ ಎಂಥೆಂಥ ಯಂತ್ರಗಳಲ್ಲಿ ಹಾಡು ಕೇಳಿದರು ಅನ್ನೋ ಕಥೆ ಬಿಚ್ಚಿಕೊಳ್ತು.

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡು ಮುದ್ರಣ ಆದಾಗ ಮೈಕ್ ಇರಲಿಲ್ಲ. ತುತ್ತೂರಿಯಂಥ ಕೊಳವೆಗೆ ಮುಖ ಕೊಟ್ಟು ಹಾಡಬೇಕು. ಆ ಕಂಪನಕ್ಕೆ ಸೂಜಿ ಅಲುಗಿ ಮೇಣದ ತಟ್ಟೆ ಮೇಲೆ ಗೆರೆ ಕೊರೀತಿತ್ತು. ತಂಬೂರಿಯ ಖರ್ಜ, ತಬಲಾದ ಡಗ್ಗಾ ಇವೆಲ್ಲ ಗೆರೆಗೆ ಸಿಗ್ತಿರಲಿಲ್ಲ. ಸಿಕ್ಕಿದ್ದು ಗಂಟಲು ಒಂದೇ, ಅದೂ ಒಂದು ಬದಿಗೆ ಮೂರು ನಿಮಿಷ. 1925ರ ಹೊತ್ತಿಗೆ ವಿದ್ಯುತ್ ಮೈಕಿನ ಮುದ್ರಣ ಬಂತು. ಅದೇ ವರ್ಷ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಅಯಸ್ಕಾಂತದ ನಡುವೆ ತಂತಿ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಶಂಕು, ಹೀಗೊಂದು ಸ್ಪೀಕರನ್ನು ವಿವರಿಸಿದರು. ಇವತ್ತು ನಾನು ಕೊಳ್ಳೋಕೆ ಹೊರಟಿರೋದೂ ಮೂಲದಲ್ಲಿ ಅದೇ!

ಈಗ ಗದಗಿಗೆ ಬನ್ನಿ. ಶಾಲೆಯಿಂದ ಮನೆಗೆ ಬರೋ ದಾರೀಲಿ ಗ್ರಾಮೋಫೋನ್ ಅಂಗಡಿ ಮುಂದೆ ನಿಂತುಬಿಡ್ತಿದ್ದ ಹುಡುಗ ಭೀಮಸೇನ. ಅಲ್ಲಿ ಕೇಳಿದ್ದು ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿ. ಅದರ ಹುಚ್ಚಿಗೆ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದ. ಕೊನೆಗೆ ಗುರು ಸಿಕ್ಕಿದ್ದು ಮನೆ ಹತ್ತಿರದ ಕುಂದಗೋಳದಲ್ಲೇ, ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವ. ಇನ್ನೊಬ್ಬ ನಮ್ಮ ಬೆಳಗಾವಿ ಜಿಲ್ಲೆಯವನೇ, 1924ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಪ್ಪ ಕೋಮಕಾಳಿಮಠ. ಹಿರಿಯ ಗಾಯಕರ ರೆಕಾರ್ಡು ಕೇಳಿ ಅದರಲ್ಲಿದ್ದ ಹಾಗೇ ಹಾಡಿ ತೋರಿಸ್ತಿದ್ದ ಆ ಕೂಸಿಗೆ ಕುಮಾರ ಗಂಧರ್ವ ಅಂತ ಹೆಸರು ಬಂತು. ನನಗೆ ಇದು ಬಹಳ ದೊಡ್ಡ ಸಂಗತಿ ಅನ್ನಿಸುತ್ತೆ. ಬೇಸ್ ಅಂಬೋದೇ ಇಲ್ಲದ, ಚರಚರ ಅನ್ನೋ ಪೆಟ್ಟಿಗೆಯಿಂದ ಆ ಹುಡುಗರಿಗೆ ಮೀಂಡ್, ಮುರ್ಕಿ ಎಲ್ಲಾ ಸಿಕ್ಕಿಬಿಟ್ಟಿತ್ತು. ಯಂತ್ರ ಬಹಳಷ್ಟನ್ನು ಕೈಬಿಟ್ಟಿತ್ತು ಖರೆ, ಆದರೆ ಗಂಟಲನ್ನು ಕೈಬಿಟ್ಟಿರಲಿಲ್ಲ.

ಆಮೇಲೆ ರೇಡಿಯೋ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ಕ್ಕೆ. ಕಟ್ಟಿಗೆ ಪೆಟ್ಟಿಗೆಯ ವಾಲ್ವ್ ರೇಡಿಯೋದಲ್ಲಿ ಒಂದೇ ಒಂದು ಕಾಗದದ ಸ್ಪೀಕರ್. ಮಧ್ಯಮ ತರಂಗದಲ್ಲಿ ತೀರಾ ಮೇಲಿನ ಸ್ವರಾಂಶ ಹೇಗೂ ಬರ್ತಿರಲಿಲ್ಲ. ಆದರೂ ಮನ್ಸೂರರ ದನಿ ಪಡಸಾಲಿ ತುಂಬ್ತಿತ್ತು. ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕೂಗೋ ಅಲ್ಯೂಮಿನಿಯಂ ಹಾರ್ನಂತೂ ಗೊತ್ತೇ ಇದೆಯಲ್ಲ :-) ಅದರಲ್ಲೂ ಕೆಳಗಿನ ಸ್ವರ ಇಲ್ಲ, ಆದರೆ ಹಾಡಿನ ಮಾತು ಊರಾಚೆಗೂ ತಿಳಿಯುತ್ತೆ. (ರಾತ್ರಿ 10ರಿಂದ ಬೆಳಗಿನ 6ರವರೆಗೆ ಹಾರ್ನ್ ಬಂದ್ ಅಂತ 2000ದ ನಿಯಮ ಹೇಳುತ್ತೆ. ಆ ಮಾತು ಬೇರೆ.)

ಹಾಗಂತ ತುತ್ತೂರಿ ಕಾಲಕ್ಕೇ ವಾಪಸ್ ಹೋಗೋಣ ಅಂತಲ್ಲ. ಕಪ್ಪು ಒಂದರ ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಸ್. ಅದು ಸ್ವಲ್ಪವಾದರೂ ಕೇಳಿಸಬೇಕು. ಆದರೆ ಅದಕ್ಕಿಂತ ಕೆಳಗಿನ ಗುಡುಗು ಖಯಾಲ್ ಹಾಡಿಕೆಗೆ ಬೇಕಿಲ್ಲ. ಬೇಸ್ ಜಾಸ್ತಿಯಾದರೆ ಅದು ಮೇಲಿನ ಸ್ವರಗಳನ್ನು ಮುಚ್ಚುತ್ತೆ, ಮೊದಲು ಮಸುಕಾಗೋದು ಅಕ್ಷರ. ವಯಸ್ಸಾದ ಕಿವಿಗಂತೂ ಇನ್ನೂ ಕಷ್ಟ. ಶಸ್ತ್ರಚಿಕಿತ್ಸೆಯ ನಂತರ ಗಡುಸಾದ ಗಂಗೂಬಾಯಿಯವರ ದನಿಗೆ ಇನ್ನಷ್ಟು ಗಡುಸು ಬಳಿದರೆ ಅದು ಗಂಗೂಬಾಯಿ ಆಗಲ್ಲ. ಕ್ಷಯದಿಂದ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾದ ಮೇಲೆ ಕುಮಾರರು ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡಿದರು. ಆ ತುಣುಕುಗಳ ನಡುವಿನ ಉಸಿರೂ ಕೇಳಬೇಕು ನನಗೆ.

ಬಿಬಿಸಿಯವರ ತಲೆಬಿಸಿಯೂ ಇಂಥದ್ದೇ ಆಗಿತ್ತು. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂರಬಲ್ಲ ಪುಟ್ಟ ಸ್ಪೀಕರ್ ಬೇಕು ಅಂತ 1970ರ ದಶಕದ ಮೊದಲಲ್ಲಿ ಅವರ ಇಂಜಿನಿಯರುಗಳು ಎಲ್‌ಎಸ್3/5ಎ ಮಾಡಿದರು. ಎತ್ತರ ಒಂದು ಅಡಿ ಅಷ್ಟೆ. ಪರೀಕ್ಷೆಗೆ ಅವರು ಮುಖ್ಯವಾಗಿ ನಂಬಿದ್ದು ಮನುಷ್ಯನ ಮಾತನ್ನ. ಮನುಷ್ಯ ದನಿ ಹುಟ್ಟಿದಾಗಿಂದ ಕೇಳಿದ್ದು ತಾನೇ, ಸ್ವಲ್ಪ ಸುಳ್ಳಾದರೂ ಕಿವಿಗೆ ಗೊತ್ತಾಗಿಬಿಡುತ್ತೆ. ವಾಟ್ ಲೆಕ್ಕ ಒಪ್ಪಿಸೋ ಅಂಗಡಿಯವರು ಇದನ್ನ ಯಾಕೆ ಹೇಳಲ್ವೋ!

ಕೋಣೆಯ ಮಾತೂ ಇದೆ. ನಮ್ಮೂರ ಪಂಚಲಿಂಗೇಶ್ವರ ಗುಡಿಯ ಮಂಟಪದಲ್ಲಿ ಒಂದು ಚಪ್ಪಾಳೆ ಹೊಡೆದು ನೋಡಿ. ಕಲ್ಲಿನ ಕಂಬ, ಕಲ್ಲಿನ ಛಾವಣಿ, ಸದ್ದು ಸುತ್ತಿ ಸುತ್ತಿ ಬರುತ್ತೆ. ಮಂತ್ರಕ್ಕೆ ಚೆಂದ, ತಾನಕ್ಕೆ ಕಷ್ಟ. ಹಳೇ ಮನೆಗಳ ಮಣ್ಣಿನ ಗೋಡೆ, ಜಂತಿ ಮೇಲಿನ ಮಣ್ಣು ಒಂದಷ್ಟು ಸದ್ದು ನುಂಗ್ತಿದ್ದವು. ಈಗಿನ ಸಿಮೆಂಟ್ ಗೋಡೆ, ಟೈಲ್ಸ್ ನೆಲ ಮತ್ತೆ ಗುಡಿಯ ಕಡೆಗೇ ಹೊರಟಿವೆ. ಮೂಲೆಗೆ ಒತ್ತಿ ಇಟ್ಟ ಸ್ಪೀಕರಿಗೆ ಬೇಸ್ ತಾನೇ ಊದಿಕೊಳ್ಳುತ್ತೆ.

ಅಂತೂ ನಾನು ಆರಿಸಿದ್ದು ಐದಿಂಚು ವೂಫರಿನ ಸಣ್ಣ ಜೋಡಿ. ಸಬ್‌ವೂಫರ್ ಬೇಡ ಅಂದೆ. ಗೋಡೆಯಿಂದ ಎರಡಡಿ ಮುಂದೆ, ಕೂತವರ ಕಿವಿ ಎತ್ತರಕ್ಕೆ ಸ್ಟ್ಯಾಂಡು. ಕೆಳಗೆ ಜಮಖಾನೆ, ಎದುರು ಗೋಡೆಗೊಂದು ದಪ್ಪ ಕಂಬಳಿ. ಕಂಬಳಿಗೆ ಮೊಳೆ ಹೊಡೆಯೋಕೆ ಅವ್ವನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.