ದೂರದ ಸಂಬಂಧ, ಒಂದು ರಜೆಯ ಮದುವೆ: ಆನ್‌ಲೈನ್ ವಿವಾಹ ಮತ್ತು ಕಾನೂನಿನ ಕಾಲಮಿತಿ

ವಧೂವರಾನ್ವೇಷಣೆಯ ಜಾಲತಾಣಗಳು ಬಂದಮೇಲೆ ದೂರವೆಂಬುದೇ ಇಲ್ಲವಾಯಿತು ಎನ್ನುವವರಿದ್ದಾರೆ. ಹುಡುಕಾಟದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಕೆಲಸದಲ್ಲಿದ್ದ ಮುರುಗವೇಲ್ ಜಾನಕಿರಾಮನ್ ತಮಿಳರಿಗಾಗಿ ತೆರೆದ ತಾಣದಿಂದ ಭಾರತ್ ಮ್ಯಾಟ್ರಿಮೊನಿ ಬೆಳೆಯಿತು; ಅದರ ಕವಲಾಗಿ ಕನ್ನಡ ಮ್ಯಾಟ್ರಿಮೊನಿಯೂ ಬಂತು. ಹಾಸನದ ಹುಡುಗಿಗೆ ಡಲ್ಲಾಸ್‌ನ ಹುಡುಗ ಗೊತ್ತಾಗುವುದು ಈಗ ಅಚ್ಚರಿಯಲ್ಲ. ಆದರೆ ದೂರ ಅಳಿದಿಲ್ಲ. ಅದು ಮದುವೆಯ ಕೊನೆಯ ಘಟ್ಟಕ್ಕೆ ಸರಿದಿದೆ, ಅದರ ಹೊರೆ ಎಲ್ಲ ಜೋಡಿಗಳ ಮೇಲೂ ಸಮನಾಗಿ ಬೀಳುತ್ತಿಲ್ಲ ಎಂಬುದು ನನ್ನ ವಾದ.

ಪ್ರೊಫೈಲಿನಲ್ಲಿ ಓದು, ಸಂಬಳದ ಪಕ್ಕದಲ್ಲೇ ಜಾತಿ, ಗೋತ್ರ, ನಕ್ಷತ್ರ, ವೀಸಾ ವಿವರ ಇರುತ್ತವೆ. ಎರಡೂ ಕಡೆಯವರಿಗೆ ಹಿಡಿಸಿದರೆ ಜಾತಕ ವಾಟ್ಸ್ಯಾಪ್‌ನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿನ ಬೆಳಿಗ್ಗೆ 7.30 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಸಂಜೆ 7. ವಿಡಿಯೊ ಮಾತುಕತೆಗೆ ಎರಡೂ ಕಡೆಗೆ ಒಗ್ಗುವ ಹೊತ್ತು ಅದು. ಇಷ್ಟಾದರೂ ಮನೆಯವರು ವಿಚಾರಿಸದೆ ಬಿಡುವುದಿಲ್ಲ. ಅದೇ ಕಂಪನಿಯಲ್ಲಿರುವ ಸೋದರತ್ತೆಯ ಅಳಿಯನಿಗೋ, ಆ ಊರಿನ ಕನ್ನಡ ಕೂಟದ ಪರಿಚಯಸ್ಥರಿಗೋ ಫೋನು ಹೋಗುತ್ತದೆ. ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿತಾದರೂ, ನಂಬಿಕೆಯ ಭಾರ ಹೊರುವವರು ಇಂದಿಗೂ ನೆಂಟರಿಷ್ಟರೇ.

ಮಾತು ಕುದುರಿದ ಮೇಲೆ ಎಲ್ಲವೂ ವರನ ರಜೆಯ ಮೇಲೆ ನಿಲ್ಲುತ್ತದೆ. ಮೂರು ವಾರಗಳಲ್ಲಿ ನಿಶ್ಚಿತಾರ್ಥ, ಮದುವೆ, ನೋಂದಣಿ ಎಲ್ಲ ಮುಗಿಯಬೇಕು. ಹಿಂದೂ ಜೋಡಿಗೆ ಇದು ಸಾಧ್ಯ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಸಂಪ್ರದಾಯದ ವಿಧಿಗಳನ್ನು ಮಾನ್ಯ ಮಾಡುತ್ತದೆ, ಮುಂಚಿತ ನೋಟಿಸು ಕೇಳುವುದಿಲ್ಲ. ಕರ್ನಾಟಕದಲ್ಲಿ 2024ರಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ವಿವಾಹ ನೋಂದಣಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು.

ಬೇರೆ ಬೇರೆ ಧರ್ಮದ ಇಬ್ಬರು ಹೀಗೆಯೇ ಪರಿಚಯವಾಗಿ, ಯಾರೂ ಮತಾಂತರವಾಗದೆ ಮದುವೆಯಾಗಬೇಕೆಂದರೆ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಗೆ ಬರಬೇಕು. ಇಬ್ಬರಲ್ಲಿ ಒಬ್ಬರಾದರೂ ಮದುವೆಯ ನೋಟಿಸು ಕೊಡುವ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನೋಟಿಸು ಪ್ರಕಟವಾದ ಮೇಲೆ ಇನ್ನೂ 30 ದಿನ ಕಾಯಬೇಕು. ವಧು ಇಲ್ಲೇ ಇದ್ದರೆ ಮೊದಲ ಷರತ್ತು ತೀರಬಹುದು. ಎರಡನೆಯದು ರಜೆಯನ್ನೇ ನುಂಗುತ್ತದೆ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ಬಂದ ಪ್ರಕರಣದಲ್ಲೂ ತೊಡಕಾದದ್ದು ರಜೆಯೇ. ನೋಟಿಸಿನ ಅವಧಿ ಮುಗಿದಿದ್ದರೂ ಮದುವೆ ನಡೆಯದೆ ವರ ಅಮೆರಿಕಕ್ಕೆ ಹಿಂತಿರುಗಬೇಕಾಯಿತು. ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು ವಿಡಿಯೊ ಮೂಲಕ ವಿವಾಹಕ್ಕೆ ಅನುಮತಿ ಕೊಟ್ಟರು. ತಮಗೆ ಒಪ್ಪಿಗೆಯಾದ ಯಾವುದೇ ರೀತಿಯಲ್ಲಿ ಮದುವೆಯಾಗಲು ಕಾಯ್ದೆಯ 12ನೇ ಕಲಂ ಅವಕಾಶ ಕೊಡುವುದರಿಂದ ಈ ತೀರ್ಪು ಸರಿ ಎಂದೇ ನನ್ನ ನಿಲುವು. ಆದರೆ ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಜೋಡಿಗಳಿಗಿದೆ?

ಈ ಕಾಯುವಿಕೆ ಮೋಸವನ್ನು ತಡೆಯುತ್ತದೆ ಎಂಬ ಸಮರ್ಥನೆಯನ್ನು ಗಂಭೀರವಾಗಿಯೇ ಪರಿಶೀಲಿಸಬೇಕು. ಅನಿವಾಸಿ ವರರು ಕೈಬಿಟ್ಟ ಹೆಣ್ಣುಮಕ್ಕಳ ಸಂಕಟ ನಿಜವಾದದ್ದು. ನೋಟಿಸಿಗೆ ಆಕ್ಷೇಪವೆತ್ತಲು ಇರುವ ಆಧಾರಗಳಲ್ಲಿ ಮೊದಲ ಹೆಂಡತಿ ಅಥವಾ ಗಂಡ ಬದುಕಿರುವುದೂ ಒಂದು. ಆದರೆ ಆ ನೋಟಿಸು ಅಂಟುವುದು ಇಲ್ಲಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ನ್ಯೂಜೆರ್ಸಿಯಲ್ಲಿ ವರನಿಗೊಂದು ಸಂಸಾರವಿದ್ದರೆ ಅದನ್ನು ಬಲ್ಲವರಾರೂ ಆ ಫಲಕದ ಮುಂದೆ ಹಾಯುವುದಿಲ್ಲ. ಅದನ್ನು ಓದುವವರು ಹೆಚ್ಚಾಗಿ ಮದುವೆಯನ್ನು ವಿರೋಧಿಸುವ ಬಂಧುಗಳು. ಇತ್ತ ಅವಸರದಲ್ಲಿ ಮುಗಿಯುವ ಅನಿವಾಸಿ ಹಿಂದೂ ಮದುವೆಗೆ ಇಷ್ಟು ತಪಾಸಣೆಯೂ ಇಲ್ಲ. ಕಾನೂನು ಆಯೋಗವು 2024ರ ತನ್ನ 287ನೇ ವರದಿಯಲ್ಲಿ ಅನಿವಾಸಿ ವಿವಾಹಗಳಿಗೆ ಕಡ್ಡಾಯ ನೋಂದಣಿಯನ್ನೂ, ಪಾಸ್‌ಪೋರ್ಟಿನಲ್ಲಿ ವೈವಾಹಿಕ ಸ್ಥಿತಿಯ ಘೋಷಣೆಯನ್ನೂ ಶಿಫಾರಸು ಮಾಡಿದೆ. ಈ ತಪಾಸಣೆ ಧರ್ಮಭೇದವಿಲ್ಲದೆ ಜಾರಿಯಾದರೆ ವಿಶೇಷ ವಿವಾಹ ಕಾಯ್ದೆಯ 30 ದಿನಗಳನ್ನು ಉಳಿಸಿಕೊಳ್ಳಲು ಕಾರಣವೇ ಇರುವುದಿಲ್ಲ.